ಹಲ್ಲಿಲ್ಲದ ಕವಳಿ

ಗಡಹಿಂಗ್ಲಜ
೩ ನವೆಂಬರ್ ೧೯೮೫

ತಮ್ಮ ಅಭಯಕುಮಾರನಿಗೆ ಅಕ್ಕ ಯಮುನವ್ವನ ಆಶೀರ್ವಾದ.

ದೀಪಾವಳಿಗೆ ಬಾ ಎಂದು ಬರೆಯಲು ಕುಳಿತವಳು ಬೇರೆಯದನ್ನೇ ಬರೆಯುತ್ತಿದ್ದೇನೆ. ನಮ್ಮ ಗಾಣ ಶುರುವಾಗಿ ಹತ್ತು ದಿನವಾಯಿತು. ನಮ್ಮ ಮನೆಯವರು, ನಿನ್ನ ಮಾವ, ಎಂದಿನಂತೆ ಕೊಪ್ಪರಿಗೆಯ ಪಕ್ಕ ನಿಂತು ಬೆಲ್ಲದ ಹದ ನೋಡುತ್ತಾರೆ. ನೋಡುತ್ತ ನೋಡುತ್ತ ನಿಂತಲ್ಲೇ ನಿದ್ದೆ ಹೋಗುತ್ತಾರೆ. ಕುದಿಯುವ ಪಾಕ ಒಂದು ಮೊಳ ದೂರದಲ್ಲಿರುತ್ತದೆ, ಕೈಯಲ್ಲಿ ಉದ್ದನೆಯ ಸವುಟು, ಗದ್ದ ಎದೆಗೆ ಬಿದ್ದಿರುತ್ತದೆ. ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಮಲ್ಲಾರಿ ಕೂಗಿದರೆ ಕಣ್ಣು ಬಿಟ್ಟು, "ನಿದ್ದಿ ಎಲ್ಲಿ ಮಾಡೇನೋ? ಕಣ್ಣ ಮುಚ್ಚಿ ಕುದಿ ಸಪ್ಪಳಾ ಕೇಳಾಕತ್ತಿದ್ದೆ" ಎನ್ನುತ್ತಾರೆ. ಗಾಣದವರೆಲ್ಲ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಅವರ ಗೊರಕೆ ನಿನಗೆ ಗೊತ್ತೇ ಇದೆ. ರಜೆಗೆ ಬಂದಾಗ ನೀನು ಹಾಸಿಗೆ ಎತ್ತಿಕೊಂಡು ಅಟ್ಟಕ್ಕೆ ಓಡುತ್ತಿದ್ದೆ. ಗೊರಕೆಗೆ ನಾನು ಅಂಜುವವಳಲ್ಲ, ಅದು ನಿಂತರೆ ಅಂಜುತ್ತೇನೆ. ಒಮ್ಮೆಲೇ ನಿಂತುಬಿಡುತ್ತದೆ. ಎದೆ ಏರಿಳಿಯುತ್ತದೆ, ಉಸಿರು ಮಾತ್ರ ಒಳಗೆ ಹೋಗುವುದಿಲ್ಲ. ನಾನು ಎಣಿಸುತ್ತ ಕೂರುತ್ತೇನೆ. ಮೊನ್ನೆ ನಲವತ್ತರವರೆಗೆ ಎಣಿಸಿದೆ. ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವರಂತೆ ಗಬಕ್ಕನೆ ಉಸಿರೆಳೆದುಕೊಂಡು ಮತ್ತೆ ಗೊರಕೆ ಶುರು ಮಾಡಿದರು. ಬೆಳಿಗ್ಗೆ ಅವರಿಗೆ ಏನೂ ನೆನಪಿರುವುದಿಲ್ಲ. ತಲೆ ಭಾರ ಎನ್ನುತ್ತಾರೆ, ಅಷ್ಟೇ.

ಕಳೆದ ತಿಂಗಳು ಹಟ ಮಾಡಿ ಮಿರಜಕ್ಕೆ ಕರೆದುಕೊಂಡು ಹೋಗಿದ್ದೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುವ ರೋಗ, ಹೀಗೇ ಬಿಟ್ಟರೆ ಒಂದು ದಿನ ಎದೆಯೇ ನಿಲ್ಲಬಹುದು, ಕುತ್ತಿಗೆಯಲ್ಲಿ ತೂತು ಮಾಡಿ ನಳಿಗೆ ಕೂರಿಸಬೇಕು ಎಂದರು ಅಲ್ಲಿಯ ದೊಡ್ಡ ಡಾಕ್ಟರು. ಇವರು ಅಂಗಿ ತೊಟ್ಟು ಹೊರಬಿದ್ದವರು ಬಸ್ ಸ್ಟ್ಯಾಂಡಿಗೇ ಹೋಗಿ ನಿಂತರು. "ಊದಾಕ ತೂತ ಬೇಕಂದ್ರ ನಾ ಏನ್ ಕೊಳಲೇನು?" ಎಂದು ದಾರಿಯುದ್ದಕ್ಕೂ ತಾವೇ ನಕ್ಕರು.

ನೀನು ಎಂಟು ವರ್ಷದಿಂದ ಹಲ್ಲಿನ ಡಾಕ್ಟರರ ಹತ್ತಿರ ಮುದುಕರಿಗೆ ಕವಳಿ ಮಾಡುತ್ತಿದ್ದೀ. ಕೃತಕ ಹಲ್ಲಿನ ಸೆಟ್ಟಿಗೂ ಈ ರೋಗಕ್ಕೂ ಸಂಬಂಧವಿಲ್ಲ, ಗೊತ್ತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ನಿನ್ನ ಡಾಕ್ಟರರನ್ನು ಒಂದು ಮಾತು ಕೇಳಿ ನೋಡು. ಇಲ್ಲಿಯವರೆಗೆ ಗಾಣದಲ್ಲಿ ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಕ್ಷೇಮ.

ಯಮುನವ್ವ

*

ಕೊಲ್ಹಾಪುರ
೯ ನವೆಂಬರ್ ೧೯೮೫

ಅಕ್ಕನಿಗೆ ನಮಸ್ಕಾರ.

ಪತ್ರ ಓದಿದ ದಿನ ಕೈಗೆ ಕೆಲಸ ಹತ್ತಲಿಲ್ಲ. ಸಂಜೆ ಡಾಕ್ಟರರಿಗೆ ಅದನ್ನೇ ಮರಾಠಿಯಲ್ಲಿ ಓದಿ ಹೇಳಿದೆ. ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಪರದೇಶದ ಮಾಸಿಕ ತಂದರು. ಮುಂಬೈಯ ಗೆಳೆಯರೊಬ್ಬರು ಕಳಿಸುತ್ತಾರಂತೆ. ಅದರಲ್ಲಿ ಚಿತ್ರ ಇದೆ ಅಕ್ಕಾ. ನಿದ್ದೆಯಲ್ಲಿ ಕೆಳದವಡೆ ಹಿಂದಕ್ಕೆ ಜಾರುತ್ತದೆ, ನಾಲಿಗೆಯೂ ಅದರ ಬೆನ್ನು ಹತ್ತಿ ಹಿಂದೆ ಬಿದ್ದು ಗಂಟಲು ಮುಚ್ಚುತ್ತದೆ. ದವಡೆಯನ್ನು ಮುಂದೆ ಹಿಡಿದು ನಿಲ್ಲಿಸಿದರೆ ನಾಲಿಗೆಯೂ ಮುಂದೆ ಇರುತ್ತದೆ, ಉಸಿರಿಗೆ ದಾರಿ ಸಿಗುತ್ತದೆ.

ಹಿಡಿದು ನಿಲ್ಲಿಸುವುದು ಹೇಗೆ? ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಅಚ್ಚು ಮಾಡಿ ಎರಡನ್ನೂ ಬೆಸೆದುಬಿಡುವುದು. ಬೆಸೆಯುವಾಗ ಕೆಳಗಿನದನ್ನು ಒಂದು ಗೋಧಿ ಕಾಳಿನ ಉದ್ದ ಮುಂದೆ ಇಡಬೇಕು. ನಾನು ದಿನಾ ಬಳಸುವ ಅದೇ ಮೇಣ, ಅದೇ ಗುಲಾಬಿ ಪ್ಲಾಸ್ಟಿಕ್, ಅದೇ ಕುದಿಸುವ ಡಬ್ಬಿ. ಹಲ್ಲು ಮಾತ್ರ ಇಲ್ಲ. "ಅಭಯ, ಹೇ ತರ ತುಝಂಚ ಕಾಮ" ಎಂದರು ಡಾಕ್ಟರರು. ನಿಜ, ಇದು ನನ್ನದೇ ಕೆಲಸ.

ಇದರಿಂದ ಖಂಡಿತ ಗುಣವಾಗುತ್ತದೆ, ಅನುಮಾನ ಬೇಡ. ಮಾವನನ್ನು ಬರುವ ವಾರ ಕಳಿಸು. ಕುತ್ತಿಗೆಗೆ ಯಾರೂ ಕೈ ಹಚ್ಚುವುದಿಲ್ಲ ಎಂದು ಹೇಳು. ಜಿನಗೊಂಡ ಮಾವ ಊರಿಗೆಲ್ಲ ಹದ ಹೇಳುವವರು, ಅವರ ಬಾಯಿಯ ಹದ ಈ ಸಲ ನಾನು ನೋಡುತ್ತೇನೆ.

ನಿನ್ನ ಅಭಯ

*

ಕೊಲ್ಹಾಪುರ
೧ ಡಿಸೆಂಬರ್ ೧೯೮೫

ಅಕ್ಕಾ,

ಮಾವ ಹಲ್ಲಿಲ್ಲದ ಕವಳಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹೊರಟರು. ನಾನು ಹೇಳಿದ್ದನ್ನು ಕೇಳಿಸಿಕೊಂಡರೋ, ಬಸ್ಸಿನ ಹೊತ್ತು ನೋಡುತ್ತಿದ್ದರೋ ತಿಳಿಯಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಮಲಗುವಾಗ ಅದನ್ನು ಒಂದು ಬಟ್ಟಲು ನೀರಿನಲ್ಲಿ ಅದ್ದಿ, ಹಸಿಯಿರುವಾಗಲೇ ಬಾಯಲ್ಲಿ ಇಟ್ಟುಕೊಳ್ಳಬೇಕು. ಒಣಗಿದ್ದರೆ ಒಸಡು ಉಜ್ಜುತ್ತದೆ. ಮೇಲಿನದು ಮೊದಲು ಕೂರಬೇಕು, ಆಮೇಲೆ ಗದ್ದ ಮುಂದೆ ತಂದು ಕೆಳಗಿನದನ್ನು ಕಚ್ಚಬೇಕು. ಮೊದಲ ವಾರ ಜೊಲ್ಲು ಸುರಿಯುತ್ತದೆ, ದಿಂಬಿಗೆ ಹಳೆಯ ಬಟ್ಟೆ ಹಾಸು. ಬೆಳಿಗ್ಗೆ ಸ್ವಲ್ಪ ಹೊತ್ತು ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿಲ್ಲ ಅನಿಸುತ್ತದೆ, ಅದಕ್ಕೆ ಹೆದರಬೇಡಿ. ಗೊರಕೆ ಎಷ್ಟಾಯಿತು, ಉಸಿರು ಎಷ್ಟು ಸಲ ನಿಂತಿತು, ಎರಡನ್ನೂ ಬರೆದಿಡು. ಡಾಕ್ಟರರು ದಿನವೂ ಕೇಳುತ್ತಾರೆ.

ಅಭಯ

*

ಗಡಹಿಂಗ್ಲಜ
೧೫ ಡಿಸೆಂಬರ್ ೧೯೮೫

ಚಿರಂಜೀವಿ ಅಭಯನಿಗೆ,

ಬೇಗ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಕಬ್ಬಿನ ಗಾಡಿಗಳು ಸಾಲುಗಟ್ಟಿವೆ. ನಿನ್ನ ಮಾವ ಕವಳಿಯನ್ನು ತಪ್ಪದೆ ಹಾಕಿಕೊಳ್ಳುತ್ತಿದ್ದಾರೆ. ಒಂದೂವರೆ ಎರಡು ತಾಸು ಇಟ್ಟುಕೊಳ್ಳುತ್ತಾರೆ. ಜೊಲ್ಲು ನೀನು ಹೇಳಿದಷ್ಟೇನೂ ಇಲ್ಲ. ದವಡೆ ನೋವು ಇದೆ, ಹೇಳಿಕೊಳ್ಳುವುದಿಲ್ಲ.

ಗೊರಕೆ ಹಾಗೇ ಇದೆ. ಉಸಿರು ನಿಲ್ಲುವುದೂ ಹಾಗೇ ಇದೆ. ಬರೆದಿಡು ಎಂದಿದ್ದಿ, ಬರೆದಿಟ್ಟಿದ್ದೆ. ನಿನ್ನೆ ಆ ಕಾಗದ ಒಲೆಗೆ ಹಾಕಿದೆ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅನಿಸಿತು.

ನಿನ್ನ ಕೆಲಸದಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಇಷ್ಟು ನುಣುಪಾಗಿ ಮಾಡಿದ್ದೀ, ನೋಡಿದವರೆಲ್ಲ ಕೈಗೆ ತೆಗೆದುಕೊಂಡು ಹೊಗಳುತ್ತಾರೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಯಮುನವ್ವ

*

ಇಚಲಕರಂಜಿ
೨೨ ಡಿಸೆಂಬರ್ ೧೯೮೫

ಅಕ್ಕಾ,

ಭಾನುವಾರ ಡಾಕ್ಟರರು ಇಲ್ಲಿ ರೋಗಿಗಳನ್ನು ನೋಡುತ್ತಾರೆ, ಜೊತೆಗೆ ನಾನೂ ಬಂದಿದ್ದೇನೆ. ಪಕ್ಕದ ಓಣಿಯಲ್ಲಿ ಮಗ್ಗಗಳು ಹೊಡೆದುಕೊಳ್ಳುತ್ತಿವೆ, ಮೇಜು ನಡುಗುತ್ತಿದೆ. ಅಕ್ಷರ ಸೊಟ್ಟಗಾದರೆ ಅದು ನನ್ನ ಕೈಯ ತಪ್ಪಲ್ಲ.

ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆದಿದ್ದಿ, ಆ ಮಾತೇ ಹತ್ತಿಕೊಂಡಿದೆ. ಎರಡು ತಾಸು ಸಾಲದು. ರಾತ್ರಿಯಿಡೀ ಬೇಕು. ನೋವು ತಾಳದೆ ತೆಗೆದಿಡುತ್ತಾರೆಂದು ಕಾಣುತ್ತದೆ. ಇಲ್ಲವೇ ನಾನು ದವಡೆಯನ್ನು ಸಾಕಷ್ಟು ಮುಂದೆ ತಂದಿಲ್ಲ. ಇನ್ನರ್ಧ ಕಾಳು ಮುಂದೆ ಇಟ್ಟು ಹೊಸದು ಮಾಡೋಣ ಎನ್ನುತ್ತಾರೆ ಡಾಕ್ಟರರು. ಹಾಗೆ ಮಾಡಿದರೆ ನೋವು ಹೆಚ್ಚಾದೀತೆಂದು ನನಗೆ ಅಂಜಿಕೆ. ಮಾಡದಿದ್ದರೆ ಮಿರಜದ ಚಾಕು ಕಾಯುತ್ತಿದೆ. ಮಾವನನ್ನು ಜನವರಿ ಮೊದಲ ವಾರ ಕಳಿಸು, ಗಾಣ ಒಂದು ದಿನ ನಿಂತರೂ ಪರವಾಗಿಲ್ಲ.

ಅಭಯ

*

ಕೊಲ್ಹಾಪುರ
೬ ಜನವರಿ ೧೯೮೬

ಅಕ್ಕಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಾಗೆಂದು ಮೊದಲೇ ಹೇಳುತ್ತೇನೆ.

ಮೊನ್ನೆ ಮಾವ ಬಂದ ದಿನ ಡಾಕ್ಟರರಿಗೆ ಬೇರೆ ಕೆಲಸ ಬಿದ್ದು ಬರುವಾಗ ಕತ್ತಲಾಗಿ ಲೈಟು ಹತ್ತಿತ್ತು. ಹೊಸ ಕವಳಿ ಹಿಡಿದುಕೊಂಡು, ಬಾಯಿ ತೆರೆಯಿರಿ ಎಂದರು. ಮಾವ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು. "ನಾಳಿಗಿ ಮುಂಜಾನಿ ನೋಡ್ರಿ ಸಾಹೇಬ್ರ" ಎಂದರು, ಅಷ್ಟೇ. ಮೂರು ವರ್ಷದ ಕೂಸಾದರೂ ಅಷ್ಟು ಹಟ ಮಾಡುವುದಿಲ್ಲ. ಡಾಕ್ಟರರು ನನ್ನ ಮುಖ ನೋಡಿದರು. ಈ ಕೆಲಸಕ್ಕೆ ಅವರು ನನ್ನಿಂದ ಏನೂ ತೆಗೆದುಕೊಳ್ಳುತ್ತಿಲ್ಲ. ಮರುದಿನ ಬೆಳಿಗ್ಗೆ ಮಾವ ಏನೂ ಆಗದವರಂತೆ ಬಾಯಿ ತೆರೆದರು.

ಅಂಗಿಯ ತೋಳು ಮಡಚಿದಾಗ ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಸ ತೊಗಲು ಕಂಡಿತು. ಯಾವಾಗ ಸುಟ್ಟಿತು ಎಂದೆ. "ದಸರಾ ಆದ ಮ್ಯಾಲ, ಒಂದೀಟ ಪಾಕ ಸಿಡಿತು" ಎಂದರು. ಗಾಣದಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ನೀನು ಬರೆದದ್ದು ದೀಪಾವಳಿಗೆ. ಇದನ್ನು ಮುಚ್ಚಿಟ್ಟವಳು ಇನ್ನೇನು ಮುಚ್ಚಿಟ್ಟಿದ್ದೀ?

ಅವರು ಅದನ್ನು ರಾತ್ರಿ ಹಾಕಿಕೊಳ್ಳುತ್ತಾರೋ ಇಲ್ಲವೋ, ನಿಜ ಹೇಳು. ಹಾಕಿಕೊಳ್ಳುವುದಿಲ್ಲವೆಂದರೆ ನಾನು ಇಲ್ಲಿ ದವಡೆ ಎಳೆದು ಎಳೆದು ಅವರ ಹಲ್ಲು ಅಲುಗಿಸುತ್ತಿದ್ದೇನೆ, ಅಷ್ಟೇ.

ಅಭಯ

*

ಗಡಹಿಂಗ್ಲಜ
೧೨ ಜನವರಿ ೧೯೮೬

ತಮ್ಮಾ,

ನಿನ್ನ ಪತ್ರ ಓದಿ ಅತ್ತೆ. ನಿಜವನ್ನೇ ಬರೆಯುತ್ತೇನೆ.

ಅವರು ಅದನ್ನು ಹಾಕಿಕೊಳ್ಳುವುದು ಮಧ್ಯಾಹ್ನ. ಊಟವಾದ ಮೇಲೆ ಕಬ್ಬಿನ ರಾಶಿಯ ನೆರಳಲ್ಲಿ ಒರಗಿಕೊಳ್ಳುತ್ತಾರಲ್ಲ, ಆಗ. ನೀನು ಹೇಳಿದಂತೆ ನೀರಲ್ಲಿ ಅದ್ದಿ ಹಾಕಿಕೊಳ್ಳುತ್ತಾರೆ. ಆ ನಿದ್ದೆಯಲ್ಲಿ ಗೊರಕೆಯೇ ಇರುವುದಿಲ್ಲ. ಮೊದಲ ದಿನ ನಾನು ಅಲ್ಲೇ ಕುಳಿತು ಕಣ್ಣೀರು ಹಾಕಿದೆ. ನಿನ್ನ ಕವಳಿ ಮೊದಲ ದಿನವೇ ಗುಣ ಕೊಟ್ಟಿದೆ, ಅದನ್ನು ನಿನಗೆ ಬರೆಯಲಾರದೆ ಹೋದೆ. ಬರೆದಿದ್ದರೆ ರಾತ್ರಿ ಯಾಕೆ ಹಾಕುವುದಿಲ್ಲ ಎಂದು ನೀನು ಕೇಳುತ್ತಿದ್ದೆ.

ನಮ್ಮ ಮನೆಯ ನೇಮ ಮರೆತೆಯಾ? ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಊಟ ಮಾಡುವುದಿಲ್ಲ. ಇವರದು ಅದಕ್ಕಿಂತ ಕಟ್ಟುನಿಟ್ಟು. ಒಂದು ಹನಿ ನೀರೂ ಇಲ್ಲ, ಒಂದು ಲವಂಗವೂ ಇಲ್ಲ. ಮುಳುಗಿದ ಮೇಲೆ ಬಾಯೊಳಗೆ ಏನನ್ನೂ ಇಡುವಂತಿಲ್ಲ. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆ ಧರಣೇಂದ್ರ ಅವರನ್ನು ಮನೆಗೇ ಕರೆಸಿದ್ದೆ. "ಇದು ಆಹಾರ ಅಲ್ರಿ, ಔಷಧಾ ಇದ್ದಂಗ, ದೋಷ ಇಲ್ಲ" ಎಂದರು ಅವರು. ಇವರು ಕೈಮುಗಿದು, "ನಿಮ್ಮ ನೇಮಾ ಆಗಿದ್ರ ನೀವು ಸಡ್ಲ ಮಾಡಬಹುದಿತ್ರಿ. ಇದು ನಂದೈತಿ" ಎಂದರು.

ಯಾಕಿಷ್ಟು ಹಟ ಎಂದು ನಾನೂ ಜಗಳ ತೆಗೆದೆ. ಆಗ ಹೇಳಿದರು. ಒಂಬತ್ತು ವರ್ಷದ ಹಿಂದೆ ನನ್ನ ಹೆರಿಗೆಯಲ್ಲಿ ಕೂಸು ಹೋಗಿ ನನಗೆ ಜ್ವರ ಏರಿತ್ತಲ್ಲ, ಡಾಕ್ಟರು ಆಸೆ ಬಿಟ್ಟಿದ್ದರಲ್ಲ, ಆಗ ಆಸ್ಪತ್ರೆಯ ಅಂಗಳದಲ್ಲಿ ನಿಂತು, ಇವಳು ಉಳಿದರೆ ಎಂದು ನೇಮ ಹಿಡಿದರಂತೆ. "ಮುರಿದ್ರ ನನಗೇನ ಆಗೂದಿಲ್ಲ. ನಿನ್ನ ಮ್ಯಾಲ ಬರತೈತಿ" ಎಂದರು. ಇಷ್ಟು ವರ್ಷ ಅವರ ಎದುರಿಗೇ ಸಂಜೆ ನೀರು ಕುಡಿದಿದ್ದೇನೆ, ಒಂದು ದಿನವೂ ಇದನ್ನು ಹೇಳಿರಲಿಲ್ಲ. ಈಗ ಅವರಿಗೆ ಏನೆಂದು ಹೇಳಲಿ? ನನಗಾಗಿ ಹಿಡಿದ ನೇಮ ಅವರ ಉಸಿರು ಹಿಡಿದಿದೆ.

ಇನ್ನೊಂದು ಮಾತು. ಮೊನ್ನೆ ನಿನ್ನ ಕೋಣೆಯಲ್ಲಿ ಅವರನ್ನು ಮಲಗಿಸಿ ಈಗ ಬಂದೆ ಎಂದು ಹೋದೆಯಂತೆ. ಅವರು ಹೊರಗೆ ಅಡ್ಡಾಡಲು ಬಂದಾಗ ಮೂಲೆಯ ಖಾನಾವಳಿಯಲ್ಲಿ ನೀನು ಊಟ ಮಾಡುವುದು ಕಂಡಿತಂತೆ. ಒಂಬತ್ತು ಹೊಡೆದಿತ್ತಂತೆ. ಬೈಯಲಿಲ್ಲ. "ಹುಡುಗ ದುಡದ ಬರತಾನ, ಹಸಿವಿ ಆಗತೈತಿ" ಎಂದರು.

ಯಮುನವ್ವ

*

ಕೊಲ್ಹಾಪುರ
೧೭ ಜನವರಿ ೧೯೮೬

ಅಕ್ಕಾ,

ಈ ಪತ್ರ ಮೂರು ಸಲ ಹರಿದು ಬರೆದಿದ್ದೇನೆ.

ನಾನು ರಾತ್ರಿ ಉಣ್ಣಲು ಶುರುಮಾಡಿ ಏಳು ವರ್ಷವಾಯಿತು. ಊರಿಗೆ ಬಂದಾಗ ಐದೂವರೆಗೇ ತಾಟು ಮುಂದೆ ಕೂರುತ್ತಿದ್ದೆ, ನಿನಗೆ ಗೊತ್ತಾಗದಂತೆ. ನೇಮವೊಂದು ಇದೆ ಎಂಬುದೇ ನನ್ನ ತಲೆಯಿಂದ ಹೋಗಿತ್ತು. ಈ ನೇಮವಿಲ್ಲದ ಮನೆಯಲ್ಲಿ ಹುಟ್ಟಿದವನು ಹಸಿಯಾಗಿ ಬಾಯಲ್ಲಿಡಿ ಎಂದು ಬರೆದಿದ್ದರೆ ಕ್ಷಮಿಸಬಹುದು. ನಾನು ನಿಮ್ಮ ಮನೆಯ ಅನ್ನ ಉಂಡವನು. ನಾಚಿಕೆಯಾಗಿದೆ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಡಾಕ್ಟರರು ಇಂಥದ್ದನ್ನು ಯಾರಿಗೂ ಮಾಡಿದವರಲ್ಲ, ಗುಣವಾಗುತ್ತದೆಂದು ಅವರು ಹೇಳಿಯೂ ಇರಲಿಲ್ಲ. ಖಂಡಿತ ಎಂಬ ಮಾತು ನನ್ನದು. ಮಧ್ಯಾಹ್ನ ಗೊರಕೆ ನಿಲ್ಲುತ್ತದೆ ಎಂದು ನಿನ್ನ ಪತ್ರದಲ್ಲಿ ಓದಿದಾಗಲೇ ನನಗೂ ಮೊದಲ ಸಲ ನಂಬಿಕೆ ಬಂತು.

ಒಂದು ಉಪಾಯ ಹೊಳೆದಿದೆ, ಮಾವ ಒಪ್ಪುತ್ತಾರೋ ಕೇಳು. ಹೊತ್ತು ಮುಳುಗಿದ ಮೇಲೆ ತಾನೇ ಬಾಯಲ್ಲಿ ಇಡುವಂತಿಲ್ಲ? ಮುಳುಗುವ ಮುನ್ನವೇ ಊಟ ಮುಗಿಸಿ, ಬಾಯಿ ತೊಳೆದು, ಇಟ್ಟುಕೊಂಡುಬಿಡಲಿ. ಬೆಳಕು ಹರಿದ ಮೇಲೆ ತೆಗೆಯಲಿ. ಅಷ್ಟು ಹೊತ್ತು ಇಟ್ಟುಕೊಂಡರೆ ದವಡೆ ನೋಯುತ್ತದೆ ಎನ್ನುತ್ತಾರೆ ಡಾಕ್ಟರರು. ಅದಕ್ಕೇ ಎರಡನೆಯದು ಬೇಡ, ಮೊದಲಿನದೇ ಇರಲಿ. ಮಧ್ಯೆ ತೆಗೆದರೆ ಆ ದಿನ ಮತ್ತೆ ಇಡುವಂತಿಲ್ಲ. ಅದು ಬಾಯಲ್ಲಿದ್ದರೆ ಮಾತು ಬರುವುದಿಲ್ಲ ಅಕ್ಕಾ. ಸಂಜೆಯ ಹರಟೆ ಇಲ್ಲದೆ ಮಾವ ಹೇಗಿರುತ್ತಾರೋ ನನಗೆ ಅದೇ ಚಿಂತೆ.

ಅಭಯ

*

ಗಡಹಿಂಗ್ಲಜ
೧೬ ಫೆಬ್ರವರಿ ೧೯೮೬

ತಮ್ಮ ಅಭಯನಿಗೆ,

ನಿನ್ನ ಉಪಾಯ ಕೇಳಿ ಅವರು ತೊಡೆ ತಟ್ಟಿಕೊಂಡು ನಕ್ಕರು. "ನಿನ್ನ ತಮ್ಮ ವಕೀಲ ಆಗಬೇಕಾಗಿತ್ತು" ಎಂದರು. ಮರುದಿನದಿಂದಲೇ ಶುರು ಮಾಡಿದರು. ಸೂರ್ಯ ಹೊಳೆಯ ಆಚೆಯ ಮರಗಳಿಗೆ ತಾಗುವ ಹೊತ್ತಿಗೆ ಬಾವಿಕಟ್ಟೆಯಲ್ಲಿ ಬಾಯಿ ತೊಳೆದು ಅದನ್ನು ಇಟ್ಟುಕೊಳ್ಳುತ್ತಿದ್ದರು. ಕೊನೆಯ ಕೊಪ್ಪರಿಗೆ ತಡವಾದರೆ ಚಪ್ಪಾಳೆಯಲ್ಲೇ ಕೆಲಸ. ಒಂದು ತಟ್ಟಿದರೆ ಉರಿ ಹೆಚ್ಚಿಸು, ಎರಡು ತಟ್ಟಿದರೆ ಕೊಪ್ಪರಿಗೆ ಇಳಿಸು.

ಹನ್ನೆರಡು ರಾತ್ರಿ ನಾನು ಎಣಿಸಲಿಲ್ಲ. ಮೊದಲೆರಡು ದಿನ ಅಭ್ಯಾಸಬಲದಿಂದ ಎಚ್ಚರಾಗಿ ಕುಳಿತೆ, ಆಮೇಲೆ ನಾನೂ ನಿದ್ದೆ ಮಾಡಿದೆ. ಕೊಪ್ಪರಿಗೆಯ ಮುಂದೆ ಅವರು ಕಣ್ಣು ಬಿಟ್ಟು ನಿಂತದ್ದನ್ನು ಗಾಣದವರೆಲ್ಲ ನೋಡಿದರು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಸಂಜೆ ನಾನು ಮಾತಾಡಿ ಅವರು ಕೇಳಿದ್ದು ಇದೇ ಮೊದಲು.

ಹದಿಮೂರನೆಯ ದಿನ ಕೊನೆಯ ಪಾಕ ಇಳಿಸುವಾಗ ಕತ್ತಲಾಗಿತ್ತು. ನಾಲ್ಕು ಜನ ಕೊಪ್ಪರಿಗೆ ಎತ್ತಿ ವಾಲಿಸುತ್ತಿದ್ದರು. ಕೆಳಗೆ ಚೆಲ್ಲಿದ ಕಬ್ಬಿನ ಹಾಲಿನ ಮೇಲೆ ಮಲ್ಲಾರಿಯ ಕಾಲು ಜಾರಿತು. ಇವರು ಚಪ್ಪಾಳೆ ತಟ್ಟಿದರು. ಗಾಣದ ಇಂಜಿನ್ನಿನ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಬಾಯಲ್ಲಿದ್ದದ್ದನ್ನು ಉಗುಳಿ, "ಮಲ್ಲಾರಿ, ಕೈ ಬಿಡು, ಹಿಂದ ಬೀಳು" ಎಂದು ಕೂಗಿದರು. ಅವನು ಕೈಬಿಟ್ಟು ಸಿಪ್ಪೆಯ ರಾಶಿಯ ಮೇಲೆ ಬಿದ್ದ. ಪಾಕವೆಲ್ಲ ನೆಲದ ಪಾಲಾಯಿತು. ಯಾರಿಗೂ ಏನೂ ಆಗಲಿಲ್ಲ. ಈ ಸಲ ನಾನು ನಿಜವನ್ನೇ ಬರೆಯುತ್ತಿದ್ದೇನೆ.

ಸಿಪ್ಪೆಯಲ್ಲಿ ಬಿದ್ದಿದ್ದ ಕವಳಿಯನ್ನು ನಾನು ಹುಡುಕಿ ತಂದೆ. ಮುರಿದಿರಲಿಲ್ಲ. ಅವರು ಅದನ್ನು ನೋಡಿದರು, ಕತ್ತಲನ್ನೂ ನೋಡಿದರು. "ಇರಲಿ, ನಾಳಿಗಿ ಹಾಕ್ಕೋತೀನಿ" ಎಂದು ಮಲಗಿಬಿಟ್ಟರು.

ಮುಂಚೆ ಎಷ್ಟೋ ವರ್ಷ ತಾಳಿದ್ದೆ. ಹನ್ನೆರಡು ದಿನ ಸುಖ ಕಂಡ ಮೇಲೆ ಆ ರಾತ್ರಿ ತಾಳಲು ಆಗಲಿಲ್ಲ. ಮತ್ತೆ ಎಣಿಸಲು ಕುಳಿತೆ. ಮೂವತ್ತು, ನಲವತ್ತು. ಒಂದು ಸಲ ಐವತ್ತೆಂಟಕ್ಕೆ ಹೋಯಿತು. ತುಟಿ ಕಪ್ಪಗಾದದ್ದು ದೀಪದ ಬೆಳಕಿನಲ್ಲೂ ಕಂಡಿತು. ಭುಜ ಹಿಡಿದು ಅಲುಗಿಸಿದೆ. ಉಸಿರೆಳೆದುಕೊಂಡು ಮಗ್ಗುಲಾದರು, ಮತ್ತೆ ಅದೇ.

ಚಾತುರ್ಮಾಸದಲ್ಲಿ ಮುನಿಗಳು ಹೇಳಿದ್ದು ನೆನಪಾಯಿತು. ತಾನು ಮಾಡಿದರೆ, ಇನ್ನೊಬ್ಬರಿಂದ ಮಾಡಿಸಿದರೆ, ಮಾಡಿದ್ದಕ್ಕೆ ಒಪ್ಪಿದರೆ, ಈ ಮೂರು ದಾರಿಯಿಂದ ದೋಷ ತಗಲುತ್ತದೆ. ನಿದ್ದೆಯಲ್ಲಿರುವವರು ಮಾಡುವುದಿಲ್ಲ, ಮಾಡಿಸುವುದಿಲ್ಲ, ಒಪ್ಪುವುದೂ ಇಲ್ಲ. ದೋಷವೆಲ್ಲ ಇಟ್ಟವಳಿಗೆ. ಆ ನೇಮ ನನ್ನ ಜೀವಕ್ಕಾಗಿ ಹಿಡಿದದ್ದು. ಅದನ್ನು ಮುರಿಯುವ ಹಕ್ಕು ಯಾರಿಗಾದರೂ ಇದ್ದರೆ ನನಗೇ ಇದೆ. ಬರುವುದು ನನ್ನ ಮೇಲೆ ತಾನೇ, ಬರಲಿ ಎಂದುಕೊಂಡೆ.

ನೀರು ಮುಟ್ಟಿಸಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದೆ. ಅವರ ಬಾಯಿ ತೆರೆದೇ ಇತ್ತು, ಮೇಲಿನದನ್ನು ಹಲ್ಲಿಗೆ ಕೂರಿಸಿದೆ. ಕೆಳಗಿನದು ಕೂರಲಿಲ್ಲ. ಗದ್ದ ಹಿಂದೆಯೇ ಇತ್ತು. ಬೆರಳಿನಿಂದ ಎಳೆದು ನೋಡಿದೆ, ಜಗ್ಗಲಿಲ್ಲ. ಇನ್ನು ಆಗುವುದಿಲ್ಲ ಎಂದು ತೆಗೆಯಹೋದೆ.

ಆಗ ಅವರ ಗದ್ದ ಮೆಲ್ಲಗೆ ಮುಂದೆ ಬಂತು. ಎಷ್ಟು ಬರಬೇಕೋ ಅಷ್ಟೇ ಬಂದು ಅಚ್ಚಿನಲ್ಲಿ ಕೂತು ಕಚ್ಚಿಕೊಂಡಿತು. ಕಣ್ಣು ಮುಚ್ಚಿಯೇ ಇತ್ತು.

ಬೆಳಿಗ್ಗೆ ಎದ್ದು ಅದನ್ನು ತೆಗೆದು ತೊಳೆದು ಡಬ್ಬಿಯಲ್ಲಿಟ್ಟರು. ಬಾಯಲ್ಲಿ ಹೇಗೆ ಬಂತೆಂದು ಕೇಳಲಿಲ್ಲ. ಚಹಾ ಕುಡಿದು ಹೆಗಲಿಗೆ ಟವೆಲ್ ಹಾಕಿಕೊಂಡು, "ಇವತ್ತ ಕಬ್ಬ ಭಾಳ ಬರತೈತಿ, ಸಂಜಿಕ ಹೊತ್ತಾಗಬಹುದು" ಎಂದು ಗಾಣಕ್ಕೆ ಹೋದರು. ಅದಾದ ಮೇಲೆ ಮೂರು ಸಂಜೆ ಹಾಗೆ ಹೊತ್ತಾಗಿದೆ. ಮೂರು ಸಲವೂ ನಾನೇ ಇಟ್ಟಿದ್ದೇನೆ.

ಹಲ್ಲು ದವಡೆಯ ಕೆಲಸ ನಿನ್ನದು. ನಿದ್ದೆ ಹತ್ತಿದವರ ಗದ್ದ ಹಾಗೆ ತಾನಾಗಿ ಮುಂದೆ ಬರುತ್ತದೋ ಇಲ್ಲವೋ ನಿನಗೆ ಗೊತ್ತಿರುತ್ತದೆ. ಈ ಪತ್ರಕ್ಕೆ ಉತ್ತರ ಬರೆಯಬೇಡ.

ನಿನ್ನ ಅಕ್ಕ
ಯಮುನವ್ವ